25 ಕಿಲೋಮೀಟರ್ ಗಾಜಿನ ಎಳೆ, ನಾಲ್ಕು ಮೂಲೆಯ ಬೆಳಕು

ಆಪ್ಟಿಕಲ್ ಫೈಬರ್ ಸುತ್ತಿದ ಸ್ಪೂಲ್ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಹಳೇ ಟೆಲಿಕಾಂ ಸಾಮಾನು ಮಾರುವ ಒಂದು ಅಂಗಡಿಯಲ್ಲಿ. ಊಟದ ತಟ್ಟೆಯಷ್ಟು ಅಗಲ, ಅರ್ಧ ಗೇಣು ಎತ್ತರ. ಚೀಟಿಯ ಮೇಲೆ ಜಿ.652ಡಿ, 25 ಕಿ.ಮೀ. ಅಂತ ಬರೆದಿತ್ತು. ಮೊದಲನೆಯದು ಫೈಬರಿನ ಜಾತಿ, ಎರಡನೆಯದು ಉದ್ದ. ಒಳಗೆ ಎಲ್ಲಾದರೂ ತುಂಡಾಗಿದೆಯಾ ಅಂತ ಕೇಳಿದೆ. ಅಂಗಡಿಯವರಿಗೂ ಗೊತ್ತಿರಲಿಲ್ಲ. ತೂಕದ ಲೆಕ್ಕದಲ್ಲಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ಬಹಳ ದಿನದಿಂದ ಒಂದು ಆಸೆ ಇತ್ತು. ಸಮುದ್ರ ದಾಟುವ ಫೈಬರ್‌ನಲ್ಲಿ ಬೆಳಕಿನ ಮೇಲೆ ಮಾಹಿತಿ ಹೇಗೆ ಕೂರಿಸುತ್ತಾರೆ ಅನ್ನುವುದನ್ನು ಕೈಯಾರೆ ಮಾಡಿ ನೋಡಬೇಕು. ಕ್ಯೂಪಿಎಸ್‌ಕೆ, ಕೊಹೆರೆಂಟ್ ರಿಸೀವರ್ ಎಂಬ ಹೆಸರುಗಳು ಬಾಯಿಗೆ ಬರುತ್ತಿದ್ದವು, ಮನಸ್ಸಿಗೆ ಇಳಿದಿರಲಿಲ್ಲ. ನಾಲ್ಕು ತಿಂಗಳು ರಾತ್ರಿ ಊಟದ ನಂತರ ಕೂತು ಮಾಡಿದ ಕೆಲಸ ಇದು. ಕೆಟ್ಟಿದ್ದು, ಸರಿಯಾಗಿದ್ದು ಎರಡನ್ನೂ ಬರೆಯುತ್ತಿದ್ದೇನೆ. ಮಾಡಿ ನೋಡುವ ಮನಸ್ಸಿರುವವರಿಗೆ ಕೆಟ್ಟ ಭಾಗವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲು ಬೆಳಕು ದಾಟಲಿ

ಸ್ಪೂಲಿನ ತುದಿಗಳಿಗೆ ಕನೆಕ್ಟರ್ ಇರಲಿಲ್ಲ. ನಮ್ಮ ಬೀದಿಯಲ್ಲಿ ಮನೆಮನೆಗೆ ಫೈಬರ್ ಎಳೆಯುವ ಹುಡುಗರೊಬ್ಬರು ಸ್ಪ್ಲೈಸಿಂಗ್ ಮೆಷಿನ್ ತಂದು ಎರಡೂ ತುದಿಗೆ ಪಿಗ್‌ಟೇಲ್, ಅಂದರೆ ಕನೆಕ್ಟರ್ ಇರುವ ಗಿಡ್ಡ ಫೈಬರ್, ಬೆಸೆದು ಕೊಟ್ಟರು. ಎಳೆ ಕತ್ತರಿಸಿದಾಗ ಉದುರುವ ಚೂರು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಅವರು ಪ್ರತಿ ಚೂರನ್ನೂ ಒಂದು ಟೇಪಿಗೆ ಅಂಟಿಸಿ ಮಡಚಿ ಇಟ್ಟುಕೊಂಡರು. ಆ ಅಭ್ಯಾಸವನ್ನು ಅವತ್ತೇ ಕಲಿತೆ.

ಬೆಳಕು ಕಳಿಸಲು ಹಳೇ ಎಸ್‌ಎಫ್‌ಪಿ ಮಾಡ್ಯೂಲ್ ಎರಡು ತಂದೆ. ನೆಟ್‌ವರ್ಕ್ ಸ್ವಿಚ್‌ನ ತೂತಿಗೆ ಸಿಕ್ಕಿಸುವ ಬೆರಳುದ್ದದ ಡಬ್ಬಿ. 1.25 ಗಿಗಾಬಿಟ್, 1550 ನ್ಯಾನೋಮೀಟರ್, 80 ಕಿ.ಮೀ. ವರ್ಗದ್ದು. ಒಳಗೆ ಹೆಚ್ಚುಕಡಿಮೆ ಒಂದೇ ಬಣ್ಣದ ಬೆಳಕು ಕೊಡುವ ಒಳ್ಳೆ ಡಿಎಫ್‌ಬಿ ಲೇಸರ್ ಇರುತ್ತದೆ, ರಿಸೀವರ್ ಇರುತ್ತದೆ, ಬೆಲೆಯೂ ಕಡಿಮೆ. 3.3 ವೋಲ್ಟ್ ಕೊಟ್ಟೆ. ಲೇಸರ್ ಹತ್ತಲಿಲ್ಲ. ಮೂರನೇ ಪಿನ್ ಟ್ರಾನ್ಸ್‌ಮಿಟ್ ಡಿಸೇಬಲ್. ಸುಮ್ನೆ ಬಿಟ್ಟರೆ ಮಾಡ್ಯೂಲ್ ಒಳಗೇ ಅದು ಮೇಲಕ್ಕೆ ಎಳೆದಿರುತ್ತದೆ, ಲೇಸರ್ ಆಫ್ ಆಗಿಯೇ ಇರುತ್ತದೆ. ಗ್ರೌಂಡಿಗೆ ಸೇರಿಸಿದ ಮೇಲೆ ಹತ್ತಿತು.

ಹತ್ತಿದ್ದು ಕಣ್ಣಿಗೆ ಕಾಣುವುದಿಲ್ಲ. 1550 ನ್ಯಾನೋಮೀಟರ್ ಬೆಳಕು ಕಣ್ಣಿಗೂ ಕಾಣದು, ಫೋನ್ ಕ್ಯಾಮೆರಾಗೂ ಕಾಣದು. ಕ್ಯಾಮೆರಾದ ಸಿಲಿಕಾನ್ ಸುಮಾರು 1100 ನ್ಯಾನೋಮೀಟರಿಗೆ ಕುರುಡಾಗುತ್ತದೆ. ಹಾಗಾಗಿ ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡುವುದು ಖಂಡಿತ ಬೇಡ. ಇನ್ನೊಂದು ಎಚ್ಚರಿಕೆ: 80 ಕಿ.ಮೀ. ಮಾಡ್ಯೂಲ್‌ಗಳನ್ನು ಒಂದು ಮೀಟರ್ ಪ್ಯಾಚ್ ಕಾರ್ಡ್‌ನಲ್ಲಿ ನೇರ ಜೋಡಿಸಬೇಡಿ. ಅಷ್ಟು ಬೆಳಕು ರಿಸೀವರ್‌ಗೆ ಜಾಸ್ತಿಯಾಗುತ್ತದೆ, ಡಯೋಡ್ ಸುಟ್ಟು ಹೋಗಬಹುದು. ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಬೇಕು.

ಬೆಳಕಿನ ಅಳತೆಯನ್ನು ಮಾಡ್ಯೂಲೇ ಹೇಳುತ್ತದೆ. ಚಿಪ್‌ಗಳು ಒಂದಕ್ಕೊಂದು ಮಾತಾಡುವ ಐ-ಸ್ಕ್ವೇರ್ಡ್-ಸಿ ತಂತಿಯಲ್ಲಿ ಎರಡನೇ ವಿಳಾಸದ 104 ಮತ್ತು 105ನೇ ಬೈಟ್ ಓದಿದರೆ ಬಂದ ಬೆಳಕು ಎಷ್ಟು ಅಂತ ಸಿಗುತ್ತದೆ, 0.1 ಮೈಕ್ರೋವಾಟ್ ಲೆಕ್ಕದಲ್ಲಿ. ನನ್ನ ಅಂದಾಜು ಹೀಗಿತ್ತು: ಹೊರಡುವುದು 0.8 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿ ಡೆಸಿಬೆಲ್, ಅಂದರೆ ಡಿಬಿ, ಲೆಕ್ಕದಲ್ಲಿ ಹೇಳುವ ಬೆಳಕಿನ ಅಳತೆ). 1550ರಲ್ಲಿ ಕಿಲೋಮೀಟರಿಗೆ 0.2 ಡಿಬಿ ನಷ್ಟ, ಅಂದರೆ 25 ಕಿಲೋಮೀಟರಿಗೆ 5. ಕನೆಕ್ಟರ್‌ಗಳಿಗೆ 1. ಬರಬೇಕಾದದ್ದು ಸುಮಾರು ಮೈನಸ್ 5.2. ಬಂದಿದ್ದು 1,148 ಎಂಬ ಅಂಕಿ, ಅಂದರೆ ಮೈನಸ್ 9.4. ನಾಲ್ಕು ಡಿಬಿ ಎಲ್ಲೋ ಸೋರಿದೆ.

ಸ್ಪೂಲ್ ಒಳಗೇ ಬಿರುಕು ಬಿಟ್ಟಿದೆ ಅಂದುಕೊಂಡು ಎರಡು ದಿನ ಬೇಜಾರಿನಲ್ಲಿ ಕಳೆದೆ. ಆಮೇಲೆ ಕನೆಕ್ಟರ್ ಬಣ್ಣ ನೋಡಿದೆ. ಪಿಗ್‌ಟೇಲ್ ಹಸಿರು, ಪ್ಯಾಚ್ ಕಾರ್ಡ್ ನೀಲಿ. ಹಸಿರಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡನ್ನೂ ಎದುರುಬದುರು ಇಟ್ಟರೆ ನಡುವೆ ಸಂದಿ ಉಳಿಯುತ್ತದೆ, ಬೆಳಕು ಅಲ್ಲೇ ಚೆಲ್ಲಿಹೋಗುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ ಇರುವ ಕಾರ್ಡ್ ತಂದು ಹಾಕಿದೆ. ಅಂಕಿ 3,020ಕ್ಕೆ ಏರಿತು. ಮೈನಸ್ 5.2. ಸ್ಪೂಲ್ ಗಟ್ಟಿಯಾಗಿದೆ! ಅವತ್ತು ರಾತ್ರಿ ನಿದ್ದೆ ಬೇಗ ಬರಲಿಲ್ಲ.

ಮಿಟುಕಿಸುವುದು

ಬೆಳಕಿನ ಮೇಲೆ ಮಾಹಿತಿ ಕೂರಿಸುವ ಅತಿ ಸರಳ ದಾರಿ ಹಚ್ಚು, ಆರಿಸು. ಹಚ್ಚಿದರೆ ಒಂದು, ಆರಿಸಿದರೆ ಸೊನ್ನೆ. 1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಹೀಗೇ ಕೆಲಸ ಮಾಡಿತು. ನಾನೂ ಅಲ್ಲಿಂದಲೇ ಶುರು ಮಾಡಿದೆ.

ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಸೀರಿಯಲ್ ಪಿನ್‌ನಿಂದ ರೆಸಿಸ್ಟರ್ ಮೂಲಕ ವೋಲ್ಟೇಜ್ ಇಳಿಸಿ ಮಾಡ್ಯೂಲ್‌ಗೆ ಕೊಟ್ಟೆ. ಆ ಕಡೆ ಸಣ್ಣ ವೋಲ್ಟೇಜಿನ ಸಿಗ್ನಲ್ ಓದುವ ಎಲ್‌ವಿಡಿಎಸ್ ರಿಸೀವರ್ ಚಿಪ್ ಹಾಕಿ ಮತ್ತೆ 3.3 ವೋಲ್ಟ್ ಸಿಗ್ನಲ್ ಮಾಡಿಕೊಂಡೆ. 9,600 ವೇಗದಲ್ಲಿ ಒಂದು ಸಾಲು ಕಳಿಸಿದೆ. ಬಂದಿದ್ದು ಬರೀ ಕಸ. ಕಳಿಸದೇ ಇದ್ದಾಗ ಇನ್ನೂ ಜಾಸ್ತಿ ಕಸ.

ಸಿಗ್ನಲ್ಲಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಿಡಿದಾಗ ಕಾರಣ ಕಂಡಿತು. ಮಾಡ್ಯೂಲ್ ಒಳಗೆ ಸಿಗ್ನಲ್ ದಾರಿಯಲ್ಲಿ ಕೆಪಾಸಿಟರ್ ಇದೆ. ಅದು ಬದಲಾವಣೆಯನ್ನು ಮಾತ್ರ ಬಿಡುತ್ತದೆ, ನಿಂತ ಮಟ್ಟವನ್ನು ಬಿಡುವುದಿಲ್ಲ. ಸೀರಿಯಲ್ ಲೈನ್‌ನ ಒಂದು ಬಿಟ್ 104 ಮೈಕ್ರೋಸೆಕೆಂಡು ಹಾಗೇ ನಿಂತಿರುತ್ತದೆ. ಕೆಪಾಸಿಟರ್ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಅದನ್ನು ಮರೆಯುತ್ತದೆ. ಆಮೇಲೆ ರಿಸೀವರ್ ತನ್ನದೇ ಗದ್ದಲವನ್ನು ದೊಡ್ಡದು ಮಾಡಿ ಹೊರಗೆ ಹಾಕುತ್ತದೆ. ಮಾಡ್ಯೂಲ್ ಕೆಟ್ಟಿಲ್ಲ. ಅದಕ್ಕೆ ಬೇಕಾದ ಭಾಷೆಯಲ್ಲಿ ನಾನು ಮಾತಾಡಿರಲಿಲ್ಲ.

ಪರಿಹಾರ ಮ್ಯಾಂಚೆಸ್ಟರ್ ಕೋಡಿಂಗ್. ಪ್ರತಿ ಬಿಟ್‌ನ ನಡುವೆ ಒಂದು ಏರಿಳಿತ ಇರಲೇಬೇಕು. ಏರಿದರೆ ಒಂದು, ಇಳಿದರೆ ಸೊನ್ನೆ. ಹಚ್ಚಿದ ಹೊತ್ತು, ಆರಿಸಿದ ಹೊತ್ತು ಎರಡೂ ಸದಾ ಸಮ. ಪಿಕೋದಲ್ಲಿ ಪಿನ್‌ಗಳನ್ನು ಕರಾರುವಾಕ್ಕಾದ ಹೊತ್ತಿಗೆ ಆಡಿಸುವ ಪಿಐಒ ಯಂತ್ರಕ್ಕೆ ಇದು ಕೆಲವೇ ಸಾಲಿನ ಕೆಲಸ, ಮಾದರಿ ಪ್ರೋಗ್ರಾಂ ಪಿಕೋ ಮಾಡಿದವರೇ ಕೊಟ್ಟಿದ್ದಾರೆ. ಸೆಕೆಂಡಿಗೆ 2 ಮೆಗಾಬಿಟ್ ಇಟ್ಟೆ. ಒಂದೂ ತಪ್ಪಿಲ್ಲದೆ ಬಂತು. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಧ್ವನಿಗೆ 1.41 ಮೆಗಾಬಿಟ್ ಸಾಕು. ಫೋನಿನಿಂದ ಆಕಾಶವಾಣಿಯ ಕನ್ನಡ ವಾರ್ತೆ ಹಾಕಿ, 25 ಕಿಲೋಮೀಟರ್ ಗಾಜಿನೊಳಗೆ ಸುತ್ತಿಸಿ, ಪಕ್ಕದ ಸ್ಪೀಕರಿನಲ್ಲಿ ಕೇಳಿದೆ. ಅಮ್ಮ ಅಡುಗೆಮನೆಯಿಂದ ಬಂದು ಸ್ಪೂಲ್ ನೋಡಿ, "ಇದರೊಳಗಿಂದ ಬರ್ತಾ ಇದೆಯಾ?" ಅಂದರು.

ಒಂದು ಸಣ್ಣ ಲಾಭವೂ ಆಯಿತು. ಕಳಿಸಿದ್ದಕ್ಕೂ ಬಂದದ್ದಕ್ಕೂ ನಡುವಿನ ಅಂತರ ಅಳೆದೆ. 123.4 ಮೈಕ್ರೋಸೆಕೆಂಡು. ಫೈಬರ್‌ನಲ್ಲಿ ಬೆಳಕಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 4.9 ಮೈಕ್ರೋಸೆಕೆಂಡು ಬೇಕು. ಭಾಗಿಸಿದರೆ 25.2 ಕಿ.ಮೀ. ಚೀಟಿ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಇನ್ನೂ ಬೇಗ ಬೇಗ ಮಿಟುಕಿಸಿದರೆ ಆಯಿತಲ್ವಾ? ಇಲ್ಲ. ಈ ಜಾತಿಯ ಫೈಬರ್‌ನಲ್ಲಿ 1550ರ ಹತ್ತಿರ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ವೇಗದಲ್ಲಿ ಹೋಗುತ್ತದೆ. ಒಂದು ನ್ಯಾನೋಮೀಟರ್ ಬಣ್ಣದ ವ್ಯತ್ಯಾಸಕ್ಕೆ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡು ಹಿಂದೆ ಮುಂದೆ. ಮಿಟುಕಿಸಿದ ಬೆಳಕಿನಲ್ಲಿ ಒಂದೇ ಬಣ್ಣ ಇರುವುದಿಲ್ಲ. ಬೇಗ ಮಿಟುಕಿಸಿದಷ್ಟೂ ಬಣ್ಣ ಹರಡುತ್ತದೆ. ವೇಗ ನಾಲ್ಕು ಪಟ್ಟು ಮಾಡಿದರೆ ಬಣ್ಣ ನಾಲ್ಕು ಪಟ್ಟು ಹರಡುತ್ತದೆ, ಬಿಟ್‌ನ ಜಾಗ ಕಾಲು ಭಾಗವಾಗುತ್ತದೆ. ಎರಡೂ ಸೇರಿ ಹದಿನಾರು ಪಟ್ಟು ಕಷ್ಟ. 10 ಗಿಗಾಬಿಟ್‌ಗೆ ಸುಮಾರು 80 ಕಿ.ಮೀ. ಸಿಗುವ ಕಡೆ 40 ಗಿಗಾಬಿಟ್‌ಗೆ ಸಿಗುವುದು 5 ಕಿ.ಮೀ. ನನ್ನ 2 ಮೆಗಾಬಿಟ್‌ಗೆ ಇದರ ಸುಳಿವೂ ಇಲ್ಲ, ಅಲ್ಲಿ ಒಂದು ಬಿಟ್ ಅಂದರೆ ಐದು ಲಕ್ಷ ಪಿಕೋಸೆಕೆಂಡು. ಮೊದಲೆಲ್ಲ ನಿಲ್ದಾಣ ನಿಲ್ದಾಣಕ್ಕೂ ಉಲ್ಟಾ ಗುಣದ ಫೈಬರ್ ಸುತ್ತಿಟ್ಟು ಇದನ್ನು ಸರಿ ಮಾಡುತ್ತಿದ್ದರು. ಅದಕ್ಕೂ ಒಂದು ಮಿತಿ ಇತ್ತು.

ಮುಂದಿನ ದಾರಿ ಬೆಳಕಿನ ಅಲೆಯನ್ನೇ ತಿರುಗಿಸುವುದು. ಅಂದರೆ ಫೇಸ್, ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನುವ ಕೋನ.

ಅಲೆ ಹಿಡಿಯಲು ಹೋದದ್ದು

ಬೆಳಕಿನ ಫೇಸನ್ನು ಯಾವ ಫೋಟೋಡಯೋಡೂ ನೇರವಾಗಿ ನೋಡಲಾರದು. ಡಯೋಡ್‌ಗೆ ಗೊತ್ತಾಗುವುದು ಬೆಳಕು ಎಷ್ಟಿದೆ ಅನ್ನುವುದು ಮಾತ್ರ. ಎರಡು ಬೆಳಕನ್ನು ಒಂದರ ಮೇಲೊಂದು ಬೀಳಿಸಬೇಕು. ಅಲೆಗಳು ಕೂಡಿದರೆ ಜಾಸ್ತಿ, ಕಳೆದರೆ ಕಡಿಮೆ. ಅದಕ್ಕೆ ಒಂದು ಇಂಟರ್‌ಫೆರೋಮೀಟರ್ ಕಟ್ಟಿದೆ.

ಪಿಗ್‌ಟೇಲ್ ಇರುವ ಪುಟ್ಟ ಡಿಎಫ್‌ಬಿ ಲೇಸರ್ ತೆಗೆದುಕೊಂಡೆ. ಎಲ್‌ಎಂ317 ಚಿಪ್ಪಿಗೆ 47 ಓಮ್ ಹಾಕಿ ಸುಮಾರು 26 ಮಿಲಿಆಂಪ್ ಸ್ಥಿರ ಕರೆಂಟ್ ಕೊಟ್ಟೆ. ಬೆಳಕನ್ನು ಕಪ್ಲರ್‌ನಲ್ಲಿ ಎರಡು ಪಾಲು ಮಾಡಿದೆ. ಒಂದು ಪಾಲು ಎರಡು ಮೀಟರ್ ಸಾದಾ ಫೈಬರ್‌ನಲ್ಲಿ ಹೋಗುತ್ತದೆ. ಇನ್ನೊಂದು ಪಾಲು ಒಂದು ಪೀಜೋ ಬಿಲ್ಲೆಯ ಮೇಲಿನಿಂದ ಹೋಗುತ್ತದೆ. ಆಮೇಲೆ ಎರಡನ್ನೂ ಇನ್ನೊಂದು ಕಪ್ಲರ್‌ನಲ್ಲಿ ಸೇರಿಸಿ ಡಯೋಡ್‌ಗೆ ಬಿಟ್ಟೆ. ಇಲ್ಲಿ ಎಲ್ಲ ಕನೆಕ್ಟರೂ ಹಸಿರೇ ಇರಲಿ. ನೇರ ಮುಖದಿಂದ ಬೆಳಕು ಹಿಂದಕ್ಕೆ ಹೊಡೆದರೆ ಲೇಸರ್ ಕಂಗಾಲಾಗುತ್ತದೆ.

ಪೀಜೋ ಬಿಲ್ಲೆ ಅಂದರೆ ಬಜರ್‌ನಲ್ಲಿ ಇರುತ್ತದಲ್ಲ, ಹಿತ್ತಾಳೆ ತಟ್ಟೆಯ ಮೇಲೆ ಬಿಳಿ ಪದರ, ಅದೇ. 27 ಮಿಲಿಮೀಟರ್ ಅಗಲದ್ದು. ಅದರ ಮೇಲೆ ಫೈಬರನ್ನು ಹತ್ತು ಸುತ್ತು ಸುತ್ತಿ ಅಂಟಿಸಿದೆ. ಮೊದಲ ಸಲ ಸಾದಾ ಜಿ.652 ಸುತ್ತಿದ್ದೆ. ಅಷ್ಟು ಸಣ್ಣ ಸುತ್ತಿಗೆ 1550ರ ಬೆಳಕು ಹೊರಗೇ ಸೋರಿಹೋಯಿತು. ಬಾಗಿದರೂ ಬೆಳಕು ಬಿಡದ ಜಿ.657ಎ2 ಫೈಬರ್ ಹಾಕಿ ಮತ್ತೆ ಸುತ್ತಿದೆ. ವೋಲ್ಟೇಜ್ ಕೊಟ್ಟಾಗ ಬಿಲ್ಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಹಿಗ್ಗುತ್ತದೆ, ಜೊತೆಗೆ ಫೈಬರೂ ಹಿಗ್ಗುತ್ತದೆ. ಗಾಜಿನೊಳಗೆ ಈ ಬೆಳಕಿನ ಒಂದು ಅಲೆಯ ಉದ್ದ ಒಂದು ಮೈಕ್ರೋಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ದಾರಿ ಅಷ್ಟು ಉದ್ದವಾದರೆ ಫೇಸ್ ಪೂರ್ತಿ ಒಂದು ಸುತ್ತು ತಿರುಗಿದ ಹಾಗೆ. ನನ್ನ ಬಿಲ್ಲೆಗೆ ಹತ್ತಿರ ಹತ್ತಿರ 6 ವೋಲ್ಟ್‌ಗೆ ಒಂದು ಸುತ್ತು ಬಂತು.

ಸ್ಕೋಪ್ ಹಚ್ಚಿದೆ. ಗೆರೆ ಒಂದು ಕಡೆ ನಿಲ್ಲಲೇ ಇಲ್ಲ. ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮತ್ತೆ ಮೇಲೆ. ನಾನು ಏನೂ ಮಾಡುತ್ತಿಲ್ಲ, ಸುಮ್ನೆ ಕೂತಿದ್ದೇನೆ. ಫೈಬರ್ ಮುಟ್ಟದೆ ಅಂಗೈಯನ್ನು ಒಂದು ಗೇಣು ದೂರ ಹಿಡಿದೆ. ಗೆರೆ ಕುಣಿಯತೊಡಗಿತು. ಕೈ ತೆಗೆದೆ. ನಿಧಾನಕ್ಕೆ ಉಲ್ಟಾ ದಿಕ್ಕಿನಲ್ಲಿ ಕುಣಿದು ತಣ್ಣಗಾಯಿತು. ಉಸಿರು ಬಿಟ್ಟರೂ ಹಾಗೇ. ಲೆಕ್ಕ ಹಾಕಿ ನೋಡಿದೆ. ಒಂದು ಮೀಟರ್ ಫೈಬರ್ ಒಂದು ಡಿಗ್ರಿ ಬಿಸಿಯಾದರೆ ಫೇಸ್ ಸುಮಾರು ಏಳು ಸುತ್ತು ತಿರುಗುತ್ತದೆ. ಅಂಗೈ ಬಿಸಿಗೆ ಅಷ್ಟು ಶಕ್ತಿ ಇದೆ. ಈ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಕ್ಷಣ ಅದೇ. ಬೆಳಕಿನ ಅಲೆಯೊಂದನ್ನು ನನ್ನ ಕೈಯ ಕಾವು ತಿರುಗಿಸುತ್ತಿರುವುದನ್ನು ನೋಡುತ್ತ ಎಷ್ಟೋ ಹೊತ್ತು ಕೂತೆ.

ಆದರೆ ಇದರ ಮೇಲೆ ಮಾಹಿತಿ ಕಳಿಸುವುದು ಹೇಗೆ? ಪೀಜೋಗೆ 1 ಕಿಲೋಹರ್ಟ್ಸ್ ಸ್ವರ ಕೊಟ್ಟೆ. ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿತು. ಅರ್ಧ ನಿಮಿಷಕ್ಕೆ ಕ್ಷೀಣಿಸಿತು. ಆಮೇಲೆ ಒಂದು ಸ್ಥಾಯಿ ಮೇಲೆ, 2 ಕಿಲೋಹರ್ಟ್ಸ್ ಆಗಿ ಕೇಳಿತು. ಮತ್ತೆ ಮೊದಲಿನ ಸ್ವರ. ಗೆರೆ ಏರುವ ಅಥವಾ ಇಳಿಯುವ ಜಾಗದಲ್ಲಿದ್ದರೆ ಸ್ವರ ಸರಿಯಾಗಿ ಬರುತ್ತದೆ. ತೀರಾ ತುದಿಯಲ್ಲೋ ತೀರಾ ತಳದಲ್ಲೋ ಇದ್ದರೆ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಒಂದೇ ಥರ ಬದಲಾಗುತ್ತದೆ. ಅದಕ್ಕೇ ಸ್ವರ ಇಮ್ಮಡಿಯಾಗುತ್ತದೆ.

ಸರಿ, ಅಲುಗದ ಹಾಗೆ ಮಾಡೋಣ ಅಂದುಕೊಂಡೆ. ಥರ್ಮಾಕೋಲ್ ಡಬ್ಬಿ. ಡಬ್ಬಿಯೊಳಗೆ ಮರಳು. ಕೆಳಗೆ ಸ್ಕೂಟರಿನ ಹಳೇ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ಕಡಪಾ ಕಲ್ಲು. ಕೋಣೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ, ರಾತ್ರಿ ಒಂದು ಗಂಟೆಗೆ ಕೂತೆ. ಕುಣಿತ ನಿಧಾನವಾಯಿತು, ನಿಲ್ಲಲಿಲ್ಲ. ಮುಖ್ಯರಸ್ತೆಯಲ್ಲಿ ಲಾರಿ ಹೋದರೆ ಗೆರೆಯಲ್ಲಿ ಗೊತ್ತಾಗುತ್ತಿತ್ತು.

ಆಮೇಲೆ ಫೀಡ್‌ಬ್ಯಾಕ್ ಕಟ್ಟಿದೆ. ಗೆರೆ ಯಾವ ಕಡೆ ಸರಿದರೂ ಪೀಜೋಗೆ ಉಲ್ಟಾ ವೋಲ್ಟೇಜ್ ಕೊಟ್ಟು ಎಳೆದು ಹಿಡಿಯುವ ಸರ್ಕ್ಯೂಟ್. ಇದು ಕೆಲಸ ಮಾಡಿತು, ಆದರೆ ಕೆಲವು ನಿಮಿಷ ಮಾತ್ರ. ಕೋಣೆ ಬಿಸಿಯಾಗುತ್ತ ಹೋದ ಹಾಗೆ ವೋಲ್ಟೇಜ್ ಒಂದೇ ಕಡೆ ಏರುತ್ತ ಹೋಗಿ ಕೊನೆ ಮುಟ್ಟುತ್ತಿತ್ತು. ಆಗ ಒಂದು ಸುತ್ತು ಹಿಂದಕ್ಕೆ ಜಿಗಿಯಲೇಬೇಕು. ಜಿಗಿದಾಗ ನಡುವಿನ ಮಾಹಿತಿ ಹೋಯಿತು. ಒಂದೂವರೆ ತಿಂಗಳು ಇದರಲ್ಲೇ ಕಳೆದೆ.

ಆಮೇಲೆ ಓದಿ ತಿಳಿದದ್ದು: 1980ರ ದಶಕದಲ್ಲಿ ದೊಡ್ಡ ಪ್ರಯೋಗಾಲಯಗಳೂ ಇದೇ ಗೋಡೆಗೆ ಬಂದು ನಿಂತಿದ್ದವು. ಫೇಸ್ ಬಳಸುವ ಕೊಹೆರೆಂಟ್ ವಿಧಾನದ ಮೇಲೆ ಆಗ ಬಹಳ ಕೆಲಸ ನಡೆದಿತ್ತು. ಆದರೆ ರಿಸೀವರ್‌ನ ಲೇಸರನ್ನು ಬಂದ ಬೆಳಕಿನ ಫೇಸಿಗೆ ಹಾರ್ಡ್‌ವೇರ್‌ನಲ್ಲೇ ಕಟ್ಟಿಹಾಕಬೇಕು, ಪೋಲರೈಸೇಷನ್ (ಅಲೆ ಓಲಾಡುವ ದಿಕ್ಕು) ಕೂಡ ಹಿಡಿದು ನಿಲ್ಲಿಸಬೇಕು. ಅಷ್ಟರಲ್ಲಿ ಎರ್ಬಿಯಂ ಫೈಬರ್ ಆಂಪ್ಲಿಫೈಯರ್ ಬಂತು. 1987ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರೂ ಬೆಲ್ ಲ್ಯಾಬ್ಸ್‌ನವರೂ ಅದನ್ನು ತೋರಿಸಿದ ಮೇಲೆ, ಸುಮ್ನೆ ಮಿಟುಕಿಸಿ ದಾರಿಯಲ್ಲಿ ಬೆಳಕು ಹೆಚ್ಚಿಸಿಕೊಂಡು ಹೋಗುವುದೇ ಸುಲಭವಾಯಿತು. ಕೊಹೆರೆಂಟ್ ಬದಿಗೆ ಸರಿಯಿತು. ಸುಮಾರು ಇಪ್ಪತ್ತು ವರ್ಷದ ನಂತರ, ವೋಲ್ಟೇಜನ್ನು ಅಂಕಿ ಮಾಡುವ ವೇಗದ ಎಡಿಸಿ ಮತ್ತು ಆ ಅಂಕಿಗಳ ಮೇಲೆ ಲೆಕ್ಕ ಮಾಡುವ ಡಿಎಸ್‌ಪಿ ಚಿಪ್ ಬಂದಾಗ ಅದು ವಾಪಸ್ ಬಂತು. 2008ರಲ್ಲಿ ನಾರ್ಟೆಲ್ 40 ಗಿಗಾಬಿಟ್‌ನ ಕೊಹೆರೆಂಟ್ ಸಿಸ್ಟಂ ಮಾರುಕಟ್ಟೆಗೆ ತಂದಿತು. ಅವರು ಫೇಸನ್ನು ಕಟ್ಟಿಹಾಕುವುದನ್ನು ಬಿಟ್ಟರು. ತಿರುಗಲಿ ಅಂತ ಬಿಟ್ಟು, ಎಷ್ಟು ತಿರುಗಿತು ಅಂತ ಲೆಕ್ಕ ಇಟ್ಟರು.

ನಾನೂ ಮರಳಿನ ಡಬ್ಬಿ ಪಕ್ಕಕ್ಕೆ ಇಟ್ಟೆ.

ಮೂರು ಡಯೋಡ್, ಒಂದು ವೃತ್ತ

ಒಂದು ಡಯೋಡ್‌ನಿಂದ ನೋಡಿದರೆ ಅಲೆ ಯಾವ ಕಡೆ ತಿರುಗಿತು ಅಂತ ಗೊತ್ತಾಗುವುದಿಲ್ಲ. ಗಡಿಯಾರದ ಮುಳ್ಳನ್ನು ಅಂಚಿನಿಂದ ನೋಡಿದ ಹಾಗೆ. ಉದ್ದ ಗಿಡ್ಡ ಆಗುವುದು ಮಾತ್ರ ಕಾಣುತ್ತದೆ. ಎದುರಿನಿಂದ ನೋಡಬೇಕು. ಕಂಪನಿಗಳ ರಿಸೀವರ್‌ನಲ್ಲಿ ಅದಕ್ಕೆ 90 ಡಿಗ್ರಿ ಹೈಬ್ರಿಡ್ ಅಂತ ಒಂದು ಭಾಗ ಇರುತ್ತದೆ. ಅದು ನನ್ನ ಕೈಗೆ ಎಟುಕುವ ಬೆಲೆಯಲ್ಲಿ ಇರಲಿಲ್ಲ. ಬದಲಿಗೆ ಮೂರಕ್ಕೆ ಮೂರು ಕಪ್ಲರ್ ತರಿಸಿದೆ. ಮೂರು ಫೈಬರ್ ಒಟ್ಟಿಗೆ ಕರಗಿಸಿ ಎಳೆದದ್ದು. ಎರಡು ಒಳದಾರಿಗೆ ಎರಡು ಪಾಲು ಬೆಳಕು ಕೊಟ್ಟರೆ, ಮೂರು ಹೊರದಾರಿಯಲ್ಲಿ ಮೂರು ಬೇರೆ ಬೇರೆ ಏರಿಳಿತ ಸಿಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ 120 ಡಿಗ್ರಿ ಅಂತರ. ಮನೆಗೆ ಬರುವ ಮೂರು ಫೇಸ್ ಕರೆಂಟಿನ ಹಾಗೆಯೇ.

ಮೂರು ಫೋಟೋಡಯೋಡ್, ಪ್ರತಿಯೊಂದಕ್ಕೂ ಸಿಗ್ನಲ್ ದೊಡ್ಡದು ಮಾಡಲು 4.7 ಕಿಲೋಓಮ್ ಹಾಕಿದ ಆಪ್-ಆಂಪ್ ಚಿಪ್. ಪಿಕೋದಲ್ಲಿ ಹೊರಗಿನಿಂದ ಬಳಸಲು ಸಿಗುವ ಎಡಿಸಿ ಪಿನ್ನೂ ಸರಿಯಾಗಿ ಮೂರು. ಒಂದೊಂದನ್ನೂ ಸೆಕೆಂಡಿಗೆ 50,000 ಸಲ ಓದಿ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಕಳಿಸಿದೆ. ಲೆಕ್ಕ ಬಹಳ ಸರಳ. ಮೂರು ಓದುಗಳಿಗೆ ಎ, ಬಿ, ಸಿ ಅಂತ ಹೆಸರಿಡಿ. 2ಎ − ಬಿ − ಸಿ ಅಡ್ಡ ಅಕ್ಷ. √3 × (ಸಿ − ಬಿ) ಉದ್ದ ಅಕ್ಷ. ಈ ಎರಡರಿಂದ ಒಂದು ಚುಕ್ಕೆ ಇಡಿ. ಚುಕ್ಕೆಯ ಕೋನವೇ ಫೇಸ್.

ಮೊದಲ ಸಲ ಬಂದದ್ದು ವೃತ್ತ ಅಲ್ಲ, ವಕ್ರವಾದ ಮೊಟ್ಟೆ. ಮೂರು ಡಯೋಡ್‌ಗಳ ಬಲ ಒಂದೇ ಸಮ ಇರಲಿಲ್ಲ. ಅಂಗೈ ಹಿಡಿದು ಫೇಸನ್ನು ಹತ್ತಾರು ಸುತ್ತು ತಿರುಗಿಸಿ, ಒಂದೊಂದರ ಗರಿಷ್ಠ ಕನಿಷ್ಠ ನೋಡಿ ಸಮ ಮಾಡಿದೆ. ಮೊಟ್ಟೆ ದುಂಡಗಾಯಿತು. ಪರದೆಯ ಮೇಲೆ ಒಂದು ಚುಕ್ಕೆ ವೃತ್ತದ ಮೇಲೆ ತೇಲುತ್ತಿದೆ. ಕೈ ಹತ್ತಿರ ತಂದರೆ ಒಂದು ದಿಕ್ಕಿಗೆ ಓಡುತ್ತದೆ, ತೆಗೆದರೆ ವಾಪಸ್ ಬರುತ್ತದೆ. ಈಗ ದಿಕ್ಕು ಗೊತ್ತಾಗುತ್ತಿದೆ. ಯಾವ ಜಾಗದಲ್ಲಿದ್ದರೂ ಸ್ವರ ಮಾಯವಾಗುವುದಿಲ್ಲ. ಸುತ್ತುಗಳ ಲೆಕ್ಕ ಇಟ್ಟರೆ ಎಷ್ಟು ದೂರ ಸರಿದರೂ ಸರಿ, ಯಾವ ವೋಲ್ಟೇಜೂ ಕೊನೆ ಮುಟ್ಟುವುದಿಲ್ಲ.

ಒಂದು ದಿನ ವೃತ್ತ ಇದ್ದಕ್ಕಿದ್ದ ಹಾಗೆ ಕುಗ್ಗಿ ರೂಪಾಯಿ ಬಿಲ್ಲೆ ಹೋಗಿ ಸಾಸಿವೆ ಕಾಳಿನಷ್ಟಾಯಿತು. ಮೇಜು ಒರೆಸುವಾಗ ಒಂದು ಫೈಬರ್ ಸ್ವಲ್ಪ ತಿರುಚಿಕೊಂಡಿತ್ತು. ಬೆಳಕಿನ ಅಲೆಗೆ ಒಂದು ಓಲಾಟದ ದಿಕ್ಕು ಇರುತ್ತದೆ. ಒಂದು ಪಾಲು ಅಡ್ಡ, ಇನ್ನೊಂದು ಪಾಲು ಉದ್ದ ಓಲಾಡುತ್ತಿದ್ದರೆ ಒಂದಕ್ಕೊಂದು ಸೇರುವುದೇ ಇಲ್ಲ. ಫೈಬರನ್ನು ಮೂರು ಕಡೆ ಸಣ್ಣ ಕುಣಿಕೆ ಮಾಡಿ ರಟ್ಟಿನ ತುಂಡಿಗೆ ಅಂಟಿಸಿ, ಆ ತುಂಡುಗಳನ್ನು ವಾಲಿಸಿ ಸರಿ ಮಾಡಿದೆ. ನನಗೆ ತೊಂದರೆ ಕೊಟ್ಟ ಇದೇ ಗುಣವನ್ನು ದೊಡ್ಡ ಸಿಸ್ಟಂಗಳು ಬಂಡವಾಳ ಮಾಡಿಕೊಂಡಿವೆ. ಅಡ್ಡ ಓಲಾಟದ ಮೇಲೆ ಒಂದು ಮಾಹಿತಿ, ಉದ್ದ ಓಲಾಟದ ಮೇಲೆ ಇನ್ನೊಂದು. ದಾರಿಯಲ್ಲಿ ಎರಡೂ ಕಲಸಿಹೋದರೂ ರಿಸೀವರ್‌ನ ಲೆಕ್ಕ ಬಿಡಿಸಿ ಕೊಡುತ್ತದೆ.

ಈಗ ಕ್ಯೂಪಿಎಸ್‌ಕೆ. ಪೀಜೋಗೆ ನಾಲ್ಕು ಮಟ್ಟದ ವೋಲ್ಟೇಜ್ ಕೊಟ್ಟರೆ ಚುಕ್ಕೆ ವೃತ್ತದ ನಾಲ್ಕು ಮೂಲೆಗೆ ಹೋಗುತ್ತದೆ. ಮೂಲೆ ನಾಲ್ಕು ಇರುವುದರಿಂದ ಒಂದು ನೆಗೆತಕ್ಕೆ ಎರಡು ಬಿಟ್. ಸೆಕೆಂಡಿಗೆ 200 ನೆಗೆತ ಇಟ್ಟೆ. ಕಳಿಸಿದ್ದು "ಕನ್ನಡ" ಎಂಬ ಪದ. ಯುನಿಕೋಡ್‌ನಲ್ಲಿ ಅದಕ್ಕೆ ಅರ್ಧಾಕ್ಷರದ ಗುರುತೂ ಸೇರಿ ಐದು ಸಂಕೇತ. ಒಂದೊಂದಕ್ಕೆ ಮೂರು ಬೈಟ್. 15 ಬೈಟ್ ಅಂದರೆ 60 ನೆಗೆತ, ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಕಡಿಮೆ.

ಎರಡು ತೊಡಕು ಬಂತು. ವೋಲ್ಟೇಜನ್ನು ಥಟ್ಟನೆ ಬದಲಿಸಿದರೆ ಬಿಲ್ಲೆ ಗಂಟೆಯ ಹಾಗೆ ಮೊಳಗುತ್ತದೆ. ಚುಕ್ಕೆ ಮೂಲೆ ದಾಟಿ ಹೋಗಿ ವಾಪಸ್ ಬಂದು ನಡುಗುತ್ತದೆ. ಮೆಟ್ಟಿಲಿನ ಬದಲು ಇಳಿಜಾರಿನ ಹಾಗೆ ನಯವಾಗಿ ಏರಿಸಿದೆ, ಮೊಳಗು ನಿಂತಿತು. ಎರಡನೆಯದು ಹಳೇ ಶತ್ರು. ನಾಲ್ಕು ಮೂಲೆಯೂ ಒಟ್ಟಿಗೆ ನಿಧಾನಕ್ಕೆ ತಿರುಗುತ್ತಿವೆ. ಹಾಗಿದ್ದರೆ ತಿರುಗಿದ್ದು ಮಾಹಿತಿಯಿಂದಲೋ ಕೋಣೆಯ ಕಾವಿನಿಂದಲೋ?

ಇದಕ್ಕೆ 1983ರಿಂದ ಬಳಕೆಯಲ್ಲಿರುವ ವಿಟರ್ಬಿ-ವಿಟರ್ಬಿ ವಿಧಾನ ಇದೆ. ಕೋನವನ್ನು ನಾಲ್ಕರಿಂದ ಗುಣಿಸಿ. ಮಾಹಿತಿಯ ಕೋನ 0, 90, 180, 270. ನಾಲ್ಕರಿಂದ ಗುಣಿಸಿದರೆ 0, 360, 720, 1080. ಎಲ್ಲವೂ ಪೂರ್ತಿ ಸುತ್ತು, ಅಂದರೆ ಎಲ್ಲವೂ ಒಂದೇ ದಿಕ್ಕು. ಮಾಹಿತಿ ಅಳಿಸಿಹೋಯಿತು, ಉಳಿದದ್ದು ಕಾವಿನ ತಿರುಗಾಟ ಮಾತ್ರ. ಅದನ್ನು ನಾಲ್ಕರಿಂದ ಭಾಗಿಸಿ ಮೂಲ ಕೋನದಿಂದ ಕಳೆಯಿರಿ. ಮೂಲೆಗಳು ನಿಂತುಬಿಡುತ್ತವೆ! ಯಾವುದು ಮೊದಲ ಮೂಲೆ ಅಂತ ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ಮೂಲೆಯ ಬದಲು, ಹಿಂದಿನ ಮೂಲೆಯಿಂದ ಎಷ್ಟು ನೆಗೆಯಿತು ಅನ್ನುವುದನ್ನೇ ಮಾಹಿತಿ ಮಾಡಿದೆ.

ಡಬ್ಬಿಯ ಮುಚ್ಚಳ ತೆಗೆದೆ. ಫ್ಯಾನ್ ಐದಕ್ಕೆ ಹಾಕಿದೆ. ಕಿಟಕಿ ತೆರೆದೆ. ಹತ್ತು ನಿಮಿಷ "ಕನ್ನಡ" ಪದವನ್ನು ಮತ್ತೆ ಮತ್ತೆ ಕಳಿಸಿದೆ. ಮೂಲ ಕೋನ ಎಷ್ಟೋ ಸುತ್ತು ಅಲೆದಾಡಿತು. ಒಂದು ಅಕ್ಷರವೂ ತಪ್ಪಲಿಲ್ಲ.

ಆಸೆ ಹೆಚ್ಚಾಗಿ ಎಂಟು ಮೂಲೆಯೂ ಮಾಡಿ ನೋಡಿದೆ. ಒಂದು ನೆಗೆತಕ್ಕೆ ಮೂರು ಬಿಟ್. ಆದರೆ ಮೂಲೆಗಳ ನಡುವೆ ಈಗ 45 ಡಿಗ್ರಿ ಮಾತ್ರ. ಪಿಕೋದ ಎಡಿಸಿ ಗದ್ದಲಕ್ಕೂ ಬಿಲ್ಲೆಯ ಉಳಿದ ನಡುಕಕ್ಕೂ ಅಷ್ಟು ಜಾಗ ಸಾಲಲಿಲ್ಲ, ಆಗಾಗ ತಪ್ಪು ಬಂತು. ಸಮುದ್ರದ ಕೇಬಲ್ಲಿನ ಚೌಕಾಸಿಯೂ ಇದೇ. ದಾರಿಯುದ್ದಕ್ಕೂ ಇರುವ ಆಂಪ್ಲಿಫೈಯರ್‌ಗಳು ಸಿಗ್ನಲ್ ಜೊತೆ ಗದ್ದಲವನ್ನೂ ಸೇರಿಸುತ್ತವೆ. ಬೆಳಕು ಜಾಸ್ತಿ ಮಾಡೋಣ ಅಂದರೆ ಗಾಜು ತಾನೇ ಸಿಗ್ನಲ್ಲನ್ನು ತಿರುಚುತ್ತದೆ. ಹಾಗಾಗಿ ಬಹಳ ದೂರಕ್ಕೆ ನಾಲ್ಕು ಮೂಲೆ, ಹತ್ತಿರಕ್ಕೆ 16 ಚುಕ್ಕೆ ಅಥವಾ ಇನ್ನೂ ಜಾಸ್ತಿ. ಬಹಳ ದೂರದ್ದರ ಲೆಕ್ಕ ಹೀಗೆ: ನಾಲ್ಕು ಮೂಲೆ, ಎರಡು ಓಲಾಟ, ಸೆಕೆಂಡಿಗೆ ಸುಮಾರು 3,200 ಕೋಟಿ ನೆಗೆತ. ತಪ್ಪು ತಿದ್ದುವ ಬಿಟ್‌ಗಳನ್ನು ಕಳೆದರೆ 100 ಗಿಗಾಬಿಟ್. 2020ರ ಆಗಸ್ಟ್‌ನಲ್ಲಿ ಶುರುವಾದ ಚೆನ್ನೈ–ಅಂಡಮಾನ್ ಕೇಬಲ್ ಸುಮಾರು 2,300 ಕಿ.ಮೀ. ಉದ್ದ. ಬೆಂಗಳೂರಿನಿಂದ ನಾನು ಅಮೆರಿಕದ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದರೂ ಮಾತು ಚೆನ್ನೈಗೋ ಮುಂಬೈಗೋ ಹೋಗಿ ಅಲ್ಲಿಂದ ಸಮುದ್ರಕ್ಕೆ ಇಳಿಯುತ್ತದೆ.

ಸ್ಪೂಲ್ ನಡುವೆ ಬಂದಾಗ

ಇಷ್ಟೆಲ್ಲ ಆದದ್ದು ಎರಡು ಮೀಟರ್ ಫೈಬರ್‌ನಲ್ಲಿ. ಕೊನೆಗೆ ಸ್ಪೂಲನ್ನು ಒಂದು ಪಾಲಿನ ದಾರಿಯಲ್ಲಿ ಸೇರಿಸಿದೆ. ವೃತ್ತ ಹೋಯಿತು. ಮೂಲೆ ಹೋಯಿತು. ಪರದೆ ತುಂಬ ಒಂದು ದುಂಡಗಿನ ಮಂಜು.

ಕನೆಕ್ಟರ್ ಬಿಚ್ಚಿ ಒರೆಸಿದೆ. ಕುಣಿಕೆ ವಾಲಿಸಿದೆ. ಏನೂ ಬದಲಾಗಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಾಗ ಅರ್ಥವಾಯಿತು. ನನ್ನ ಲೇಸರಿನ ಬಣ್ಣ ಪೂರ್ತಿ ಸ್ಥಿರ ಅಲ್ಲ, ಸುಮಾರು 5 ಮೆಗಾಹರ್ಟ್ಸ್ ಅಗಲ ಇದೆ. ಅಂಥ ಲೇಸರ್ ಕೆಲವು ಹತ್ತು ನ್ಯಾನೋಸೆಕೆಂಡಿನಲ್ಲಿ ತನ್ನ ಫೇಸನ್ನು ಮರೆಯುತ್ತದೆ. ಸ್ಪೂಲ್ ಸುತ್ತಿ ಬಂದ ಬೆಳಕು ಹೊರಟದ್ದು 123 ಮೈಕ್ರೋಸೆಕೆಂಡು ಹಿಂದೆ. ಅದನ್ನು ಈಗಿನ ಬೆಳಕಿನ ಜೊತೆ ಹೋಲಿಸಿದರೆ ಸಂಬಂಧವೇ ಇಲ್ಲ. ನಾನು ಓದುವುದು 20 ಮೈಕ್ರೋಸೆಕೆಂಡಿಗೆ ಒಂದು ಸಲ. ಆ ನಡುವೆ ಫೇಸ್ ನೂರಾರು ಸಲ ದಿಕ್ಕು ಬದಲಿಸಿರುತ್ತದೆ.

ಹಾಗಾದರೆ ಸಾವಿರಾರು ಕಿಲೋಮೀಟರ್ ಹೋಗುವವರು ಏನು ಮಾಡುತ್ತಾರೆ? ಅವರ ಲೇಸರ್ ನನ್ನದಕ್ಕಿಂತ ಚೆನ್ನಾಗಿದೆ, ಸುಮಾರು 100 ಕಿಲೋಹರ್ಟ್ಸ್. ಆದರೂ ಅದರ ನೆನಪು ಒಂದು ಕಿಲೋಮೀಟರ್ ಫೈಬರಿಗೂ ಸಾಲುವುದಿಲ್ಲ. ಉತ್ತರ ವೇಗದಲ್ಲಿದೆ. ಅವರ ಒಂದು ನೆಗೆತ 31 ಪಿಕೋಸೆಕೆಂಡು. ಅಷ್ಟರಲ್ಲಿ ಲೇಸರ್ ಸರಿಯುವುದು ಒಂದು ಡಿಗ್ರಿಯ ಕಾಲು ಭಾಗ. ನನ್ನ ಅಗ್ಗದ ಲೇಸರ್ ಕೂಡ ಅಷ್ಟು ಹೊತ್ತಿನಲ್ಲಿ ಎರಡು ಡಿಗ್ರಿಗಿಂತ ಜಾಸ್ತಿ ಸರಿಯುವುದಿಲ್ಲ! ಮೂಲೆಗಳ ನಡುವೆ 90 ಡಿಗ್ರಿ ಇರುವಾಗ ಎರಡು ಡಿಗ್ರಿ ಯಾವ ಲೆಕ್ಕ? ಕೆಲವು ಹತ್ತು ನೆಗೆತಗಳನ್ನು ಒಟ್ಟಿಗೆ ನೋಡಿ ಅದೇ ನಾಲ್ಕರ ಗುಣಾಕಾರ ಮಾಡಿದರೆ ತಿರುಗಾಟ ಸಿಕ್ಕಿಬಿಡುತ್ತದೆ. ವೇಗ ಜಾಸ್ತಿಯಾದಷ್ಟೂ ಹಿಂಬಾಲಿಸುವುದು ಸುಲಭ. ನಾನು ಇಷ್ಟು ದಿನ ಉಲ್ಟಾ ಅಂದುಕೊಂಡಿದ್ದೆ. ನಿಧಾನಕ್ಕೆ ಕಳಿಸಿದರೆ ಸಲೀಸು ಅಂತ.

ನಂಬಿಕೆ ಬರಲಿ ಅಂತ ಪೈಥಾನ್‌ನಲ್ಲಿ ಬರೆದು ನೋಡಿದೆ. 5 ಮೆಗಾಹರ್ಟ್ಸ್ ಲೇಸರ್, ಸೆಕೆಂಡಿಗೆ 3,200 ಕೋಟಿ ನೆಗೆತ, 25 ಕಿಲೋಮೀಟರ್ ಫೈಬರ್. ಮೊದಲು ಬಂದದ್ದು ಮಂಜು. ಬಣ್ಣ ಹರಡಿದ್ದನ್ನು ತೆಗೆಯಲು, ಒಂದೊಂದು ಬಣ್ಣಕ್ಕೂ ಅದು ಎಷ್ಟು ಹಿಂದೆ ಬಿತ್ತೋ ಅಷ್ಟು ಕೋನ ವಾಪಸ್ ತಿರುಗಿಸಿದೆ. ಸ್ಪೂಲಿನಷ್ಟು ಗಾತ್ರದ ಉಲ್ಟಾ ಫೈಬರ್ ಮಾಡುತ್ತಿದ್ದ ಕೆಲಸ ಒಂದು ಗುಣಾಕಾರದಲ್ಲಿ ಮುಗಿಯಿತು. ಮಂಜು ಹೋಗಿ ಉಂಗುರ ಬಂತು. ಆಮೇಲೆ ನಾಲ್ಕರ ಗುಣಾಕಾರ. ಉಂಗುರ ಒಡೆದು ನಾಲ್ಕು ಚುಕ್ಕೆ.

ಮೇಜಿನ ಮೇಲೆ ಇದನ್ನು ಮಾಡಲು ಪೀಜೋ ಸಾಲದು. ಸಿಎಫ್‌ಪಿ2-ಎಸಿಒ ಎಂಬ ಹಳೇ ಕೊಹೆರೆಂಟ್ ಮಾಡ್ಯೂಲ್ ಹುಡುಕುತ್ತಿದ್ದೇನೆ. ಅದರಲ್ಲಿ ಡಿಎಸ್‌ಪಿ ಇರುವುದಿಲ್ಲ, ಎರಡೂ ಓಲಾಟದ ಅಡ್ಡ ಉದ್ದ ಅಕ್ಷಗಳು ನಾಲ್ಕು ತಂತಿಯಲ್ಲಿ ಹಸಿಯಾಗಿಯೇ ಹೊರಗೆ ಬರುತ್ತವೆ. ಎಸ್.ಪಿ. ರಸ್ತೆಯ ಅದೇ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. ಸ್ಪೂಲ್ ಕಪಾಟಿನ ಮೇಲಿದೆ, ಎರಡು ಹಸಿರು ತುದಿಗೂ ಮುಚ್ಚಳ ಹಾಕಿಟ್ಟಿದ್ದೇನೆ.